ಮಾಧವೀಲತೆ: ತಡವಾಗಿ ಕೊಟ್ಟ ಉತ್ತರ

ತರಗತಿಯಲ್ಲಿ ಶಕುಂತಲೆಯ ಕಥೆ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, "ಮಾಧವಿ ಅಂದ್ರ ಎಂಥ ಹೂವ್ರಿ ಸರ್?" ಎಂದು ಕೇಳಿದ್ದಳು. ಎಂದೂ ನೋಡಿರದ ನಾನು, "ಮಲ್ಲಿಗೆಯ ಜಾತಿಯಮ್ಮ" ಎಂದುಬಿಟ್ಟೆ. ಅದು ತಪ್ಪೆಂದು ಅರಿವಾದದ್ದು ನಿವೃತ್ತಿಯ ನಂತರ, ಐನಾಪುರದ ಮನೆಯ ಹಿತ್ತಿಲಲ್ಲಿ ನೆಟ್ಟ ಮಾಧವೀಲತೆ ಹೂಬಿಟ್ಟಾಗ.

ಇದು ನಮ್ಮ ದೇಶದ್ದೇ ಬಳ್ಳಿ, ಅತಿಮುಕ್ತವೆಂದೂ ಹೆಸರುಂಟು. ಕಾಳಿದಾಸನ ನಾಟಕದ ಆರನೆಯ ಅಂಕದಲ್ಲಿ, ಮರೆತದ್ದೆಲ್ಲ ನೆನಪಾಗಿ ಪರಿತಪಿಸುವ ದುಷ್ಯಂತನು ಕುಳಿತುಕೊಳ್ಳುವುದು ಮಾಧವೀ ಮಂಟಪದಲ್ಲಿ. ಆ ನಾಟಕವನ್ನು ವಿಲಿಯಂ ಜೋನ್ಸ್ 1789ರಲ್ಲಿ ಇಂಗ್ಲಿಷಿಗೆ ತಂದನು. ಮರುವರ್ಷ, 1790ರಲ್ಲಿ, ಜರ್ಮನಿಯ ಸಸ್ಯಶಾಸ್ತ್ರಜ್ಞ ಗೇರ್ಟ್ನರ್ ಈ ಬಳ್ಳಿಯ ಕುಲಕ್ಕೆ 'ಹಿಪ್ಟೇಜ್' ಎಂದು ಹೆಸರಿಟ್ಟನು. ಹಾರುವುದು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಕಾಯಿಗೆ ಮೂರು ರೆಕ್ಕೆಗಳು; ಒಣಗಿ ಉದುರುವಾಗ ಗಿರಗಿರನೆ ತಿರುಗುತ್ತ ದೂರ ಸಾಗುತ್ತದೆ. ನಮ್ಮ ಕವಿಗಳು ಹೂವನ್ನು ನೋಡಿದರು, ಆತ ಕಾಯಿಯನ್ನು ನೋಡಿದನು!

ಹೂವಿನ ಐದು ಎಸಳುಗಳ ಅಂಚು ಕುಚ್ಚಿನಂತೆ ಸೀಳಿದೆ. ಬಿಳಿಯ ಎಸಳುಗಳಲ್ಲಿ ಒಂದಕ್ಕೆ ಮಾತ್ರ ಹಳದಿ ಮಚ್ಚೆ. ಪರಿಮಳವುಂಟು, ಮಲ್ಲಿಗೆಯ ನಂಟಿಲ್ಲ. ನೆಡುವವರಿಗೆ ಗಟ್ಟಿ ಚಪ್ಪರ ಬೇಕು, ಹೂ ಮುಗಿದ ಮೇಲೆ ಸವರಬೇಕು. ಮಾರಿಷಸ್, ರಿಯೂನಿಯನ್ ದ್ವೀಪಗಳಿಗೆ ಒಯ್ದ ಇದೇ ಬಳ್ಳಿ ಅಲ್ಲಿಯ ಕಾಡುಮರಗಳನ್ನು ಮುಸುಕಿ ಹಾಳುಗೆಡವಿದೆ.

ಆಕೆ ಈಗ ಎಲ್ಲಿದ್ದಾಳೋ. ಇದನ್ನು ಓದಿದರೆ ಒಮ್ಮೆ ಬರಲಿ. ಫಾಲ್ಗುಣದಲ್ಲಿ ಬಂದರೆ ಹೂವನ್ನೇ ತೋರಿಸುತ್ತೇನೆ.