ಕಾಮಲತೆಯಿಂದ ಮಾಯೆಯವರೆಗೆ: ಪುರಾಣವನ್ನು ಒಳಗೆ ಓದಿದ ಬಗೆ

ಶ್ರಾವಣ ಬಂತೆಂದರೆ ಮುರಗೋಡ, ಬೈಲಹೊಂಗಲ, ಸವದತ್ತಿ ಸೀಮೆಯ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಕಥೆ ಬಿಡಿಸುತ್ತಾರೆ, ಗವಾಯಿಗಳು ಹಾಡುತ್ತಾರೆ; ಕೂತವರು ಅದನ್ನು ತಮ್ಮ ಬದುಕಿಗೆ ಹೊಂದಿಸಿಕೊಳ್ಳುತ್ತಾರೆ. ಕಳೆದುಹೋದ ನೆಮ್ಮದಿಯನ್ನು ಗ್ರಂಥದ ಮೂಲಕ ಮರಳಿ ಪಡೆಯುವ ಈ ಓದಿಗೆ ದೀರ್ಘ ಚರಿತ್ರೆಯಿದೆ.

ಹೃದಯದೊಳಗಿನ ಪುಟ್ಟ ಆಕಾಶವನ್ನು ಅರಸಬೇಕೆಂದಿತು ಛಾಂದೋಗ್ಯ. ಶಂಕರರ ಹೆಸರಿನಲ್ಲಿರುವ ಆತ್ಮಬೋಧ ರಾಮಾಯಣವನ್ನೇ ಒಳಕ್ಕೆ ತಿರುಗಿಸಿತು: ದಾಟಬೇಕಾದ ಕಡಲು ಮೋಹ, ಕೊಲ್ಲಬೇಕಾದ ರಾಕ್ಷಸರು ರಾಗದ್ವೇಷಗಳು, ಮರಳಿ ಕೂಡುವುದು ಶಾಂತಿ. ಆ ಒಳಗಿನ ಆಕಾಶದ ನಂಟು ಮುರಗೋಡಕ್ಕೂ ಇದೆ. ಇಲ್ಲಿಯ ಚಿದಂಬರ ದೀಕ್ಷಿತರು (1758–1815) ಚಿದಂಬರದ ನಟರಾಜನ ಅವತಾರವೆಂದು ಭಕ್ತರ ನಂಬಿಕೆ. ಚಿದಂಬರದ ಗುಡಿಯ ‘ರಹಸ್ಯ’ದ ತೆರೆ ಸರಿಸಿದರೆ ಕಾಣುವುದು ಮೂರ್ತಿಯಲ್ಲ, ಚಿನ್ನದ ಬಿಲ್ವಮಾಲೆ ತೂಗುವ ಬಯಲು.

ಕನ್ನಡದಲ್ಲಿ ಈ ಓದು ಹೇಗೆ ಬದಲಾಯಿತೆಂಬುದು ಅಲ್ಲಮಪ್ರಭುವಿನ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ. ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವ ಯುವಕ. ಒಲಿದ ಕಾಮಲತೆ ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆಯುತ್ತಾನೆ. ಕೂತಲ್ಲಿ ಉಗುರಿನಿಂದ ನೆಲ ಕೆದಕುವಾಗ ಹೊನ್ನ ಕಳಶ ಕಾಣುತ್ತದೆ; ಅಗೆದರೆ ಹೂತುಹೋದ ಗುಡಿ, ಒಳಗೆ ಯೋಗಿ ಅನಿಮಿಷಯ್ಯ, ಅವನ ಕೈಯಲ್ಲಿ ಲಿಂಗ. ಈ ಪ್ರಸಂಗದ ಅರ್ಥವನ್ನು ಕವಿ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ.

15ನೆಯ ಶತಮಾನದಲ್ಲಿ ಚಾಮರಸ ‘ಪ್ರಭುಲಿಂಗಲೀಲೆ’ ಬರೆದಾಗ ಕಾಮಲತೆಯ ಜಾಗಕ್ಕೆ ಮಾಯೆ ಬಂದಳು. ಅವಳ ತಂದೆ ಬನವಾಸಿಯ ಅರಸ ಮಮಕಾರ, ತಾಯಿ ಮೋಹಿನಿ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಪುರಾಣ ಕೇಳುವವರಿಗೆ ಸಾಧನೆಯ ನಕ್ಷೆಯೇ ಸಿಕ್ಕಿತು. ಶಿವಪ್ರಕಾಶರ್ ಅದನ್ನು 17ನೆಯ ಶತಮಾನದಲ್ಲಿ ತಮಿಳಿಗೂ ಒಯ್ದರು. ಆದರೆ ನಷ್ಟವೂ ಆಯಿತು. ಹೆಂಡತಿಗಾಗಿ ಅತ್ತ ಗಂಡಸು ಇಲ್ಲವಾದ; ಹೆಣ್ಣು ಗೆಲ್ಲಬೇಕಾದ ಮೋಹವಷ್ಟೇ ಆದಳು.

ಕನ್ನಡದಲ್ಲಿ ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’, ‘ಕೈವಲ್ಯಪದ್ಧತಿ’ಗಳು ಈ ಓದಿಗೆ ಶಾಸ್ತ್ರದ ಕಟ್ಟು ಕೊಟ್ಟವು, ಹುಬ್ಬಳ್ಳಿಯ ಸಿದ್ಧಾರೂಢರ (1836–1929) ಪರಂಪರೆ ಅವನ್ನು ಜನಸಾಮಾನ್ಯರ ಕಿವಿಗೆ ತಲುಪಿಸಿತು. ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯನ್ನೂ ಗಿರಣಿಯನ್ನೂ ಗ್ರಂಥದಂತೆಯೇ ಓದಿ ಹಾಡಿದರು. ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು (1886–1957) ಉಪನಿಷತ್ತುಗಳನ್ನೂ ಶರಣ-ದಾಸರನ್ನೂ ಸಾಧಕರ ಅನುಭವದ ದಾಖಲೆಯಾಗಿ ಕಂಡರು.

ಒಳಗಿನ ಅರ್ಥವೂ ಮನುಷ್ಯರ ನೋವೂ ಮತ್ತೆ ಒಂದಾದದ್ದು ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ನಲ್ಲಿ (1949). ಅಲ್ಲಿ ರಾವಣನ ಮನಸ್ಸೇ ತಿರುಗುತ್ತದೆ. ಸೀತೆಯೊಂದಿಗೆ ರಾಮನೂ ಬೆಂಕಿ ಹೊಗುತ್ತಾನೆ. ನನ್ನ ಮಟ್ಟಿಗೆ ಇದು ಹರಿಹರ ಹಿಡಿದಿದ್ದ ದಾರಿ. ದುಃಖವನ್ನು ಬರೀ ಮಾಯೆಯೆಂದು ಪಕ್ಕಕ್ಕೆ ಸರಿಸಿದ ಓದು ದುಃಖದಲ್ಲಿರುವವರಿಗೆ ನೆರವಾಗದು.

ಪ್ರಭುಲಿಂಗಲೀಲೆ ಹಚ್ಚುವ ಊರ ಹಿರಿಯರಲ್ಲಿ, ಶಾಸ್ತ್ರಿಗಳಲ್ಲಿ ಒಂದೇ ಕೋರಿಕೆ: ಮಾಯೆಯ ಪ್ರಸಂಗ ಬಂದ ದಿನ ಹರಿಹರನ ಕಾಮಲತೆಯ ಕಥೆಯನ್ನೂ ಓದಿಸಿ.