ಒಂದೇ ವಿಮಾನ, ಎರಡು ಆಸನ

ಪಿಯುಸಿ ಫಲಿತಾಂಶ ಬಂದ ಮರುದಿನ ಕೆಲವು ಮನೆಗಳಲ್ಲಾದರೂ ಈ ಚರ್ಚೆ ನಡೆಯುತ್ತದೆ. ಮಗ ಡಾಕ್ಟರಾಗಬೇಕೆಂದು ತಂದೆ, ಪೈಲಟ್ ಆಗುತ್ತೇನೆಂದು ಮಗ. ಎರಡೂ ಕೈ ಸುಡುವಷ್ಟು ಖರ್ಚಿನ ಓದು. ಎರಡರಲ್ಲೂ ಇನ್ನೊಬ್ಬರ ಜೀವ ನಮ್ಮ ಕೈಯಲ್ಲಿರುತ್ತದೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಟ್ಟಂತೆಯೇ ಎಂಬ ವಿಷಯದಲ್ಲಿ ಮಾತ್ರ ತಂದೆ ಮಗ ಇಬ್ಬರದೂ ಒಂದೇ ಅಭಿಪ್ರಾಯ.

ಹೀಗೆ ಕವಲು ದಾರಿಯಲ್ಲಿ ನಿಂತು ಎರಡನ್ನೂ ಸೇರಿಸಲು ಸಾಧ್ಯವೇ ಎಂದು ಲೆಕ್ಕ ಹಾಕಿದವರಲ್ಲಿ ಜಾನ್ ಕ್ಲಿಫರ್ಡ್ ಪೀಲ್ ಒಬ್ಬ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಇನ್ವರ್‌ಲೀ ಎಂಬ ಊರಿನವನು, ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವಿದ್ಯಾರ್ಥಿ. ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಪೀಲ್ ಓದನ್ನು ಅರ್ಧಕ್ಕೆ ಬಿಟ್ಟು ಆಸ್ಟ್ರೇಲಿಯಾದ ವಾಯುದಳ ಸೇರಿದ. 1917ರ ನವೆಂಬರ್‌ನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕುಳಿತು ಒಂದು ಉದ್ದನೆಯ ಪತ್ರ ಬರೆದ. ಅದು ಮನೆಗೆ ಬರೆದದ್ದಲ್ಲ. ಜಾನ್ ಫ್ಲಿನ್ ಎಂಬ ಪಾದ್ರಿಗೆ ಬರೆದದ್ದು.

ಆ ಪತ್ರದ ಮಹತ್ವ ತಿಳಿಯಬೇಕಾದರೆ ಆಸ್ಟ್ರೇಲಿಯಾದ ಒಳನಾಡಿನ ಅಂದಿನ ಸ್ಥಿತಿ ನೋಡಬೇಕು. ಅಲ್ಲಿನ ನಾರ್ದರ್ನ್ ಟೆರಿಟರಿ ಒಂದೇ ನಮ್ಮ ಕರ್ನಾಟಕದ ಏಳು ಪಟ್ಟು ದೊಡ್ಡದು. ಅಷ್ಟು ವಿಶಾಲ ಪ್ರದೇಶಕ್ಕೆ ಆಗ ಇದ್ದ ಡಾಕ್ಟರುಗಳು ಬೆರಳೆಣಿಕೆಯಷ್ಟು. ದನ ಕಾಯುವವರು, ಗಣಿ ಕೆಲಸದವರು, ಆದಿವಾಸಿಗಳು ನೂರಾರು ಮೈಲಿ ದೂರದೂರ ಚದುರಿ ಬದುಕುತ್ತಿದ್ದರು. ಕಾಯಿಲೆ ಬಿದ್ದರೆ ಕುದುರೆ, ಒಂಟೆ ಅಥವಾ ಗಾಡಿಯೇ ಗತಿ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೋಗಿ ಗುಣವಾಗಿರುತ್ತಿದ್ದ, ಇಲ್ಲವೇ ಸತ್ತಿರುತ್ತಿದ್ದ.

ಪೀಲ್ ಪತ್ರ ಬರೆದ ವರ್ಷವೇ ನಡೆದ ಒಂದು ಘಟನೆ ಆ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದ. ಒಳಗೆ ಮೂತ್ರಕೋಶಕ್ಕೆ ಪೆಟ್ಟಾಗಿತ್ತು. ಜೊತೆಯವರು ಹನ್ನೆರಡು ತಾಸು ಗಾಡಿ ಹೊಡೆದು ಅವನನ್ನು ಪಶ್ಚಿಮ ಆಸ್ಟ್ರೇಲಿಯಾದ ಹಾಲ್ಸ್ ಕ್ರೀಕ್ ಎಂಬ ಊರಿಗೆ ತಂದರು. ಅಲ್ಲಿ ಡಾಕ್ಟರಿಲ್ಲ. ಇದ್ದವನು ಪೋಸ್ಟ್‌ಮಾಸ್ಟರ್ ಟಕೆಟ್. ಅವನಿಗೆ ಗೊತ್ತಿದ್ದುದು ಪ್ರಥಮ ಚಿಕಿತ್ಸೆ ಮಾತ್ರ. ಅದನ್ನು ಕಲಿಸಿದ್ದ ಡಾಕ್ಟರ್ ಹಾಲೆಂಡ್ ಇದ್ದುದು ಪರ್ತ್ ನಗರದಲ್ಲಿ, 3,600 ಕಿ.ಮೀ.ಗೂ ಹೆಚ್ಚು ಉದ್ದದ ಟೆಲಿಗ್ರಾಫ್ ತಂತಿಯ ಇನ್ನೊಂದು ತುದಿಯಲ್ಲಿ. ಕಟ್ಟು-ಕಡ ಸಂಕೇತದಲ್ಲಿ ಪ್ರಶ್ನೆ ಹೋಯಿತು, ಉತ್ತರ ಬಂತು. ಕೊನೆಗೆ ಡಾಕ್ಟರು, ನೀನೇ ಶಸ್ತ್ರಚಿಕಿತ್ಸೆ ಮಾಡು ಎಂದ. ಅರಿವಳಿಕೆ ಇರಲಿಲ್ಲ. ಪೋಸ್ಟ್‌ಮಾಸ್ಟರ್ ಪೆನ್ನುಚಾಕು ಹಿಡಿದು, ಒಂದೊಂದು ಗೀರಿಗೂ ತಂತಿಯತ್ತ ತಿರುಗಿ, ತಾಸುಗಟ್ಟಲೆ ಶ್ರಮಿಸಿ ಆ ಕೆಲಸ ಮುಗಿಸಿದ.

ಡಾಕ್ಟರ್ ಹಾಲೆಂಡ್ ತಾನೂ ಹೊರಟ. ದನ ಸಾಗಿಸುವ ಹಡಗಿನಲ್ಲಿ ಡರ್ಬಿ ಬಂದರಿಗೆ, ಅಲ್ಲಿಂದ ಫೋರ್ಡ್ ಕಾರಿನಲ್ಲಿ ಮರಳುಗಾಡಿನ ಹಾದಿ. ಕೊನೆಯಲ್ಲಿ ಕಾರೂ ಕೈಕೊಟ್ಟಿತು. ಹತ್ತು ದಿನಕ್ಕೂ ಹೆಚ್ಚು ಪಯಣಿಸಿ ಹಾಲ್ಸ್ ಕ್ರೀಕ್ ತಲುಪಿದಾಗ ಡಾರ್ಸಿ ಹಿಂದಿನ ದಿನವಷ್ಟೇ ತೀರಿಕೊಂಡಿದ್ದ. ಪರೀಕ್ಷಿಸಿ ನೋಡಿದರೆ ಪೋಸ್ಟ್‌ಮಾಸ್ಟರ್ ಮಾಡಿದ ಶಸ್ತ್ರಚಿಕಿತ್ಸೆ ಸರಿಯಾಗಿಯೇ ಇತ್ತು. ಮಲೇರಿಯಾ ಮತ್ತು ಒಳಗಿನ ಕೀವುಗಟ್ಟಿದ ಹುಣ್ಣು ಅವನನ್ನು ಕೊಂದಿದ್ದವು. ಕೈಚಳಕವಿತ್ತು, ವಿದ್ಯೆಯಿತ್ತು, ತಂತಿಯ ಮೂಲಕ ಸಲಹೆಯೂ ಇತ್ತು. ಡಾಕ್ಟರು ಮಾತ್ರ ಹೊತ್ತಿಗೆ ಸರಿಯಾಗಿ ಅಲ್ಲಿರಲಿಲ್ಲ.

ಪೀಲ್‌ನ ಪತ್ರ ಈ ಕೊರತೆಗೇ ಸಂಬಂಧಿಸಿದ್ದು. ವಿಮಾನ ಎಂದರೆ ಬಾಂಬು ಹಾಕುವ, ಶತ್ರುವನ್ನು ಇಣುಕಿ ನೋಡುವ ಯಂತ್ರವೆಂದೇ ಜಗತ್ತು ತಿಳಿದಿದ್ದಾಗ, ಡಾಕ್ಟರನ್ನು ರೋಗಿಯ ಬಳಿಗೆ ಒಯ್ಯಲು ಅದನ್ನು ಏಕೆ ಬಳಸಬಾರದು ಎಂದು ಅವನು ಕೇಳಿದ. ಬರೀ ಕನಸು ಬರೆದು ಸುಮ್ಮನಾಗಲಿಲ್ಲ. ಊಡ್ನಡಟ್ಟ, ಕ್ಲಾನ್‌ಕರಿ, ಕ್ಯಾಥರಿನ್ ಎಂಬ ಮೂರು ನೆಲೆಗಳನ್ನು ಗುರುತಿಸಿದ. ವಿಮಾನಕ್ಕೆಷ್ಟು, ನಡೆಸುವ ಖರ್ಚೆಷ್ಟು ಎಂದು ಅಂಗಡಿ ಲೆಕ್ಕದಂತೆ ಅಂಕಿಗಳನ್ನು ಕೊಟ್ಟ. ವೈದ್ಯಕೀಯ ಓದಿದ್ದರಿಂದ ರೋಗಿಗೆ ಏನು ಬೇಕೆಂಬುದು ಗೊತ್ತಿತ್ತು. ಹಾರಾಟಕ್ಕೆ ಸೇರಿದ್ದರಿಂದ ಯಂತ್ರ ಏನು ಮಾಡಬಲ್ಲದು ಎಂಬುದೂ ಗೊತ್ತಿತ್ತು. ಬರೀ ಡಾಕ್ಟರಾಗಿದ್ದವನಿಗೆ ಅಥವಾ ಬರೀ ಪೈಲಟ್ ಆಗಿದ್ದವನಿಗೆ ಆ ಪತ್ರ ಬರೆಯುವುದು ಕಷ್ಟವಾಗುತ್ತಿತ್ತು.

ಫ್ಲಿನ್ ಅದನ್ನು 1918ರ ಅಕ್ಟೋಬರ್‌ನಲ್ಲಿ ತನ್ನ ‘ದಿ ಇನ್‌ಲ್ಯಾಂಡರ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಅದಾಗಲೇ ಪೀಲ್ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಯುದ್ಧರಂಗದ ಮೇಲೆ ಹಾರಿದ ಅವನ ವಿಮಾನ ಹಿಂತಿರುಗಲೇ ಇಲ್ಲ. ಅವನಿಗಾಗ 24 ವರ್ಷ.

ಲೆಕ್ಕ ಸಿದ್ಧವಿತ್ತು, ಹಣವಿರಲಿಲ್ಲ. ಫ್ಲಿನ್ ಹತ್ತು ವರ್ಷ ಕಂಡಕಂಡವರನ್ನು ಕೇಳಿದ. ಎಚ್.ವಿ. ಮೆಕೇ ಎಂಬ ಕೃಷಿಯಂತ್ರಗಳ ಉದ್ಯಮಿ ತನ್ನ ಉಯಿಲಿನಲ್ಲಿ 2,000 ಪೌಂಡ್ ಬಿಟ್ಟುಹೋದ ಮೇಲೆ ಕೆಲಸಕ್ಕೆ ಚಾಲನೆ ದೊರೆಯಿತು. 1920ರಲ್ಲಿ ಹುಟ್ಟಿ ಇನ್ನೂ ಕಾಲೂರುತ್ತಿದ್ದ ಕ್ವಾಂಟಾಸ್ ಕಂಪನಿ ಮೈಲಿಗೆ ಎರಡು ಶಿಲ್ಲಿಂಗ್ ದರದಲ್ಲಿ ವಿಮಾನವನ್ನೂ ಪೈಲಟ್‌ನನ್ನೂ ಕೊಡಲು ಒಪ್ಪಿತು. 1928ರ ಮೇ 17ರಂದು ಕ್ಲಾನ್‌ಕರಿಯಿಂದ ‘ವಿಕ್ಟರಿ’ ಎಂಬ ಡಿ.ಎಚ್. 50 ವಿಮಾನ ಜೂಲಿಯಾ ಕ್ರೀಕ್‌ಗೆ ಹಾರಿತು. ಪೈಲಟ್ ಆರ್ಥರ್ ಆಫ್ಲೆಕ್, ಡಾಕ್ಟರು ಕೆನ್ಯನ್ ಸೇಂಟ್ ವಿನ್ಸೆಂಟ್ ವೆಲ್ಚ್. ಜಗತ್ತಿನ ಮೊದಲ ಹಾರುವ ವೈದ್ಯ ಸೇವೆ ಆರಂಭವಾದದ್ದು ಹೀಗೆ. ಮೊದಲ ವರ್ಷ 50 ಹಾರಾಟ, 225 ರೋಗಿಗಳು.

ಆ ವಿಮಾನದ ರಚನೆಯೇ ಸ್ವಾರಸ್ಯಕರ. ಡಾಕ್ಟರು, ರೋಗಿ ಕುಳಿತುಕೊಳ್ಳುವುದು ಮುಂದಿನ ಮುಚ್ಚಿದ ಕೋಣೆಯಲ್ಲಿ. ಪೈಲಟ್ ಕೂರುವುದು ಅವರ ಹಿಂದೆ, ಮೇಲೆ ಹೊದಿಕೆಯಿಲ್ಲದ ಗುಂಡಿಯಲ್ಲಿ, ಬಿಸಿಲು ಗಾಳಿಗೆ ಮುಖವೊಡ್ಡಿ. ರೇಡಿಯೋ ಇಲ್ಲ, ನದಿ, ಬೇಲಿ, ಟೆಲಿಗ್ರಾಫ್ ಕಂಬಗಳ ಸಾಲು, ಇವೇ ದಾರಿದೀಪ. ಒಳಗಿನವನು ನೋಡುವುದು ನಾಡಿ, ಹೊರಗಿನವನು ನೋಡುವುದು ಮೋಡ. ಇದು ಯಾರೋ ಯೋಚಿಸಿ ಮಾಡಿದ ಏರ್ಪಾಡಲ್ಲ, ಆಗಿನ ವಿಮಾನ ಇದ್ದದ್ದೇ ಹಾಗೆ. ಆದರೆ ಆ ಎರಡು ಆಸನಗಳ ನಡುವಿನ ಗೋಡೆ ಎಷ್ಟು ಅಗತ್ಯವಾಗಿತ್ತು ಎಂಬುದು ಗೊತ್ತಾಗಲು ಆ ಗೋಡೆಯೇ ಇಲ್ಲದ ಮನುಷ್ಯನೊಬ್ಬ ಬರಬೇಕಾಯಿತು.

ಅವನು ಕ್ಲೈಡ್ ಫೆಂಟನ್. ಪೀಲ್ ಓದಿದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲೇ 1925ರಲ್ಲಿ ವೈದ್ಯಕೀಯ ಪದವಿ ಪಡೆದವನು. ಡಾಕ್ಟರಾದ ಮೇಲೂ ಹಾರುವ ಹುಚ್ಚು ಬಿಡಲಿಲ್ಲ. 1934ರಲ್ಲಿ ನಾರ್ದರ್ನ್ ಟೆರಿಟರಿಯ ಕ್ಯಾಥರಿನ್‌ಗೆ ಸರ್ಕಾರಿ ವೈದ್ಯನಾಗಿ ಬಂದಾಗ ವೆಲ್ಚ್‌ನಂತೆ ಪ್ರಯಾಣಿಕನಾಗಿ ಕೂರಲು ಅವನು ಸಿದ್ಧನಿರಲಿಲ್ಲ. ಜಿಪ್ಸಿ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನವನ್ನು ತಾನೇ ಹಾರಿಸಿಕೊಂಡು ರೋಗಿಗಳತ್ತ ಹೊರಟ. ಪೀಲ್ ಕಾಗದದ ಮೇಲೆ ಗುರುತಿಸಿದ್ದ ಮೂರು ನೆಲೆಗಳಲ್ಲಿ ಕ್ಯಾಥರಿನ್ ಒಂದು ಎಂಬುದನ್ನು ಇಲ್ಲಿ ನೆನೆಯಬಹುದು.

ಫೆಂಟನ್‌ನ ಕೆಲಸದ ಬಗ್ಗೆ ಆ ಸೀಮೆಯ ಜನರಿಗೆ ಅಪಾರ ಅಭಿಮಾನ, ವಿಮಾನಯಾನ ಇಲಾಖೆಗೆ ಅಷ್ಟೇ ತಲೆನೋವು. ಇಳಿಯಬಾರದ ಕಡೆ ಇಳಿದ, ಹಾರಬಾರದ ಹೊತ್ತಿನಲ್ಲಿ ಹಾರಿದ, ವಿಮಾನಗಳನ್ನು ಜಖಂ ಮಾಡಿದ. 1936ರಲ್ಲಿ ಚೀನಾದಲ್ಲಿದ್ದ ಸೋದರಿ ತೀರಿಕೊಂಡ ಸುದ್ದಿ ಬಂದಾಗ, ತಾಯಿಯ ಬಳಿ ಇರಬೇಕೆಂದು ಅದೇ ಪುಟ್ಟ ವಿಮಾನದಲ್ಲಿ ಸಮುದ್ರಗಳನ್ನು ದಾಟಿ ಸ್ವಾಟೌ ಬಂದರಿಗೆ ಹೊರಟೇಬಿಟ್ಟ. ಅಪ್ಪಣೆ, ಪರವಾನಗಿಗಳ ಗೋಜಿಗೆ ಹೋಗಲಿಲ್ಲ. ಹೋಗಿ, ಸುರಕ್ಷಿತವಾಗಿ ಮರಳಿಯೂ ಬಂದ! ಧೈರ್ಯವೋ ದುಡುಕೋ ಎಂಬ ತೀರ್ಪು ಓದುಗರಿಗೆ ಬಿಟ್ಟದ್ದು.

1937ರಲ್ಲಿ ನಡೆದದ್ದು ಮಾತ್ರ ಬೇರೆ. ಹಾರಾಟದ ನಡುವೆ ಫೆಂಟನ್ ಕಾಡುಪ್ರದೇಶದಲ್ಲಿ ಬಲವಂತವಾಗಿ ಇಳಿಯಬೇಕಾಯಿತು. ಹಲವು ದಿನ ಪತ್ತೆಯಿರಲಿಲ್ಲ. ವಿಮಾನಗಳು ಹುಡುಕಾಡಿದವು. ಕೊನೆಗೆ ಜೀವಂತ ಸಿಕ್ಕ. ಇಲ್ಲಿರುವ ಲೆಕ್ಕ ಸರಳ. ಆಫ್ಲೆಕ್‌ನ ಬದಲಿಗೆ ಇನ್ನೊಬ್ಬ ಪೈಲಟ್ ಬಂದರೂ ಕ್ಲಾನ್‌ಕರಿಗೆ ಡಾಕ್ಟರು ಇರುತ್ತಿದ್ದ. ಫೆಂಟನ್ ಕಾಣೆಯಾದಾಗ ಕ್ಯಾಥರಿನ್ ಸೀಮೆ ತನ್ನ ಪೈಲಟ್‌ನನ್ನೂ ಡಾಕ್ಟರನ್ನೂ ಒಟ್ಟಿಗೆ ಕಳೆದುಕೊಂಡಿತ್ತು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಹೆರಿಗೆಯಲ್ಲಿ ಹೆಂಗಸು ನರಳುತ್ತಿದ್ದಾಳೆ ಎಂದು ಸುದ್ದಿ ಬರುತ್ತದೆ. ಕತ್ತಲಾಗಿದೆ, ಮೋಡ ಕವಿದಿದೆ. ಪೈಲಟ್‌ನ ಬುದ್ಧಿ ಹೇಳುವುದು, ಬೆಳಗಿನವರೆಗೆ ಕಾಯಿ ಎಂದು. ಡಾಕ್ಟರನ ಮನಸ್ಸು ಹೇಳುವುದು, ಬೆಳಗಿನವರೆಗೆ ಅವಳು ಉಳಿಯುವುದಿಲ್ಲ ಎಂದು. ಇಬ್ಬರು ಬೇರೆ ಬೇರೆ ಇದ್ದರೆ ವಾದವಾಗುತ್ತದೆ, ಒಬ್ಬರನ್ನೊಬ್ಬರು ತಡೆಯುತ್ತಾರೆ. ಇಬ್ಬರೂ ಒಂದೇ ದೇಹದಲ್ಲಿದ್ದರೆ ಗೆಲ್ಲುವವನು ಬಹುಪಾಲು ಡಾಕ್ಟರೇ. ಫೆಂಟನ್‌ನಂಥ ಸಮರ್ಥನಿಗೆ ಅದೃಷ್ಟವೂ ಒತ್ತಾಸೆಯಾಗಿ ನಿಂತಿತು. ಎಲ್ಲರಿಗೂ ಅದನ್ನು ನಿಯಮ ಮಾಡಲು ಬರುವುದಿಲ್ಲ.

ಈ ಪಾಠ ಇಂದಿನ ಪದ್ಧತಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅನೇಕ ದೇಶಗಳ ವಿಮಾನ ಆಂಬುಲೆನ್ಸ್ ಸೇವೆಗಳಲ್ಲಿ ಹವಾಮಾನ ನೋಡಿ ಹೋಗಬಹುದೇ ಇಲ್ಲವೇ ಎಂದು ಪೈಲಟ್ ತೀರ್ಮಾನಿಸುವ ತನಕ ರೋಗಿ ಯಾರು, ಮಗುವೋ ಮುದುಕರೋ, ಸ್ಥಿತಿ ಎಷ್ಟು ಗಂಭೀರ ಎಂಬುದನ್ನು ಆತನಿಗೆ ಹೇಳುವುದಿಲ್ಲ. ಕೇಳಲು ನಿರ್ದಯ ಅನಿಸುತ್ತದೆ. ಕನಿಕರದಿಂದ ಹೊರಟ ವಿಮಾನ ಬೆಟ್ಟಕ್ಕೆ ಬಡಿದರೆ ರೋಗಿಯ ಜೊತೆ ನರ್ಸ್, ಡಾಕ್ಟರು, ಪೈಲಟ್ ಎಲ್ಲರೂ ಹೋಗುತ್ತಾರೆ ಎಂಬ ಅನುಭವ ಕಲಿಸಿದ ನಿಯಮ ಅದು.

ಹಾರದೆಯೂ ಜೀವ ಉಳಿಸಬಹುದೆಂದು ತೋರಿಸಿದವನು ಆಲ್‌ಫ್ರೆಡ್ ಟ್ರೇಗರ್. ಅವನು ಡಾಕ್ಟರೂ ಅಲ್ಲ, ಪೈಲಟ್ಟೂ ಅಲ್ಲ, ಎಂಜಿನಿಯರ್. ಸೈಕಲ್ ಪೆಡಲಿನಂತೆ ಕಾಲಿನಿಂದ ತುಳಿದು ವಿದ್ಯುತ್ ಪಡೆಯುವ ರೇಡಿಯೋವನ್ನು ಅವನು ಸಿದ್ಧಪಡಿಸಿದ. 1929ರಿಂದ ಅದು ಒಂಟಿ ಮನೆಗಳಿಗೆ ತಲುಪತೊಡಗಿತು. ಮುಂದೆ 1942ರಲ್ಲಿ ನಂಬರು ಹಾಕಿದ ಔಷಧಿಗಳ ಪೆಟ್ಟಿಗೆ ಬಂತು. ಇಂಥ ನಂಬರಿನ ಗುಳಿಗೆ ಇಷ್ಟು ಕೊಡಿ ಎಂದು ಡಾಕ್ಟರು ರೇಡಿಯೋದಲ್ಲೇ ಹೇಳಬಹುದಾಯಿತು. ಡಾರ್ಸಿಗಾಗಿ ಟೆಲಿಗ್ರಾಫ್ ತಂತಿ ಮಾಡಿದ ಕೆಲಸವೇ ಇದು; ಈ ಬಾರಿ ಪ್ರತಿ ಮನೆಯಲ್ಲೂ ತಂತಿಯ ತುದಿ ಇತ್ತು, ಬೇಕಾದರೆ ವಿಮಾನವೂ ಬರುತ್ತಿತ್ತು. 1955ರಿಂದ ‘ರಾಯಲ್’ ಎಂಬ ವಿಶೇಷಣ ಪಡೆದ ಈ ಸೇವೆಯ ಸ್ಥಾಪಕ ಫ್ಲಿನ್‌ನ ಚಿತ್ರ ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲಿದೆ.

ಎರಡು ವೃತ್ತಿಗಳು ಕೂಡುವ ಇನ್ನೊಂದು ರೀತಿಯನ್ನು ಕಾಣಲು ಆಸ್ಟ್ರೇಲಿಯಾಕ್ಕೆ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ಭಾರತೀಯ ವಾಯುಪಡೆಯ ವೈಮಾನಿಕ ವೈದ್ಯಶಾಸ್ತ್ರ ಸಂಸ್ಥೆ 1957ರಲ್ಲೇ ಆರಂಭವಾಯಿತು. ಅಲ್ಲಿನ ಡಾಕ್ಟರುಗಳ ಕೆಲಸ ವಿಮಾನ ಹಾರಿಸುವುದಲ್ಲ. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ, ವಿಮಾನ ಗಿರಕಿ ಹೊಡೆದು ಮೈಭಾರ ಹಲವು ಪಟ್ಟು ಹೆಚ್ಚಿದಾಗ ದೇಹಕ್ಕೆ ಏನಾಗುತ್ತದೆ ಎಂಬುದರ ಅಧ್ಯಯನ ಅವರದು. ಯಾರು ಹಾರಲು ಯೋಗ್ಯರು ಎಂದು ಹೇಳುವವರು ಅವರು. ಗಗನಯಾನಕ್ಕೆ ವಾಯುಪಡೆಯ ಪೈಲಟ್‌ಗಳನ್ನು ಆರಿಸುವ ಪರೀಕ್ಷೆಗಳು ನಡೆದದ್ದೂ ಅಲ್ಲಿಯೇ. ಇದೇ ಶಾಸ್ತ್ರದಲ್ಲಿ ತಜ್ಞೆಯಾಗಿದ್ದ ಡಾ. ಪದ್ಮಾ ಬಂದೋಪಾಧ್ಯಾಯ ವಾಯುಪಡೆಯಲ್ಲಿ ಏರ್ ಮಾರ್ಷಲ್ ಹುದ್ದೆಗೇರಿದ ಮೊದಲ ಮಹಿಳೆ. ಆಕೆಯ ಕೈಯಲ್ಲಿದ್ದುದು ಸ್ಟೆತಾಸ್ಕೋಪ್.

ಇನ್ನು ಫೆಂಟನ್ ಏನಾದ? ಎರಡನೇ ಮಹಾಯುದ್ಧ ಬಂದಾಗ ಅವನಿಗೆ ಆಯ್ಕೆ ತಪ್ಪಲಿಲ್ಲ. ಡಾಕ್ಟರನಾಗಿ ಸೇನೆಗೆ ಸೇರಬಹುದಿತ್ತು. ಅವನು ಆಸ್ಟ್ರೇಲಿಯಾ ವಾಯುಪಡೆಯಲ್ಲಿ ಪೈಲಟ್ ಆದ. ಉತ್ತರದ ದೂರದ ನೆಲೆಗಳಿಗೆ ಸಾಮಾನು, ಟಪಾಲು ಸಾಗಿಸುವ ವಿಮಾನಗಳ ತುಕಡಿಯೊಂದಕ್ಕೆ ಮುಖ್ಯಸ್ಥನಾದ. ಅಲ್ಲಿನ ಒಂದು ವಿಮಾನ ನೆಲೆಗೆ ಅವನ ಹೆಸರನ್ನೇ ಇಟ್ಟರು. ಯುದ್ಧ ಮುಗಿದ ಮೇಲೆ ಆರೋಗ್ಯ ಇಲಾಖೆಗೆ ಮರಳಿ ನಿವೃತ್ತಿಯವರೆಗೂ ವೈದ್ಯಾಧಿಕಾರಿಯಾಗಿ ದುಡಿದ. 1982ರಲ್ಲಿ ತೀರಿಕೊಂಡ. ಅಂದರೆ ಎರಡನ್ನೂ ಒಟ್ಟಿಗೆ ಹಿಡಿದದ್ದು ಕ್ಯಾಥರಿನ್‌ನ ಆರೇಳು ವರ್ಷ ಮಾತ್ರ.

ಒಬ್ಬರೇ ಎರಡೂ ಕೆಲಸ ಮಾಡಲು ಸಾಧ್ಯವೇ ಇಲ್ಲ ಎಂದೇನೂ ಅಲ್ಲ. ತುರ್ತು ಇಲ್ಲದ ಕಡೆ ಅದು ಸೊಗಸಾಗಿ ನಡೆದ ಉದಾಹರಣೆಯೂ ಅದೇ ನೆಲದಲ್ಲಿದೆ. ರಾಬಿನ್ ಮಿಲ್ಲರ್ ಪಶ್ಚಿಮ ಆಸ್ಟ್ರೇಲಿಯಾದವಳು. ತಂದೆ ಹಾರಿ ಮಿಲ್ಲರ್ ಹೆಸರಾಂತ ವಿಮಾನ ಚಾಲಕ, ತಾಯಿ ಮೇರಿ ಡುರಾಕ್ ಲೇಖಕಿ. ಮಗಳು ನರ್ಸಿಂಗ್ ಕಲಿತಳು, ಹಾರುವುದನ್ನೂ ಕಲಿತಳು. 1960ರ ದಶಕದ ಕೊನೆಯಲ್ಲಿ ಪೋಲಿಯೋ ಲಸಿಕೆ ಹಂಚುವ ಕೆಲಸ ಬಂದಾಗ ತಾನೇ ವಿಮಾನ ಹಾರಿಸಿಕೊಂಡು ಒಂಟಿ ನೆಲೆಗಳಿಗೆ, ಆದಿವಾಸಿ ಹಳ್ಳಿಗಳಿಗೆ ಹೋದಳು. ಇಲ್ಲಿ ಯಾರೂ ಸಾಯುತ್ತಿರಲಿಲ್ಲ, ಮೋಡ ಕವಿದರೆ ನಾಳೆ ಹೊರಟರಾಯಿತು. ಲಸಿಕೆಯ ಹನಿಯನ್ನು ಸಕ್ಕರೆ ತುಂಡಿನ ಮೇಲೆ ಹಾಕಿ ಮಕ್ಕಳ ಬಾಯಿಗಿಡುತ್ತಿದ್ದಳು. ಹೀಗೆ ಹಂಚಿದ್ದು ಸುಮಾರು 37,000 ಡೋಸ್. 1975ರಲ್ಲಿ ಕ್ಯಾನ್ಸರ್‌ನಿಂದ ಆಕೆ ತೀರಿಕೊಂಡಾಗ ವಯಸ್ಸು 35. ಆಕಾಶದಿಂದ ಇಳಿದು ಸಿಹಿ ಕೊಡುತ್ತಿದ್ದ ಅವಳನ್ನು ಆ ಮಕ್ಕಳು ಕರೆಯುತ್ತಿದ್ದುದು ಸಕ್ಕರೆ ಹಕ್ಕಿಯಮ್ಮ ಎಂಬರ್ಥದ ಹೆಸರಿನಿಂದ.