ಪೆಟ್ರೋಲ್ ದುಡ್ಡು ಹಂಚಿಕೊಂಡರೆ ಕಾರು ಟ್ಯಾಕ್ಸಿ ಆಗಿಬಿಡುತ್ತಾ?

ದಿನಾ ಬೆಳಗ್ಗೆ ಏಳೂವರೆಗೆ ಕುರುಬರಹಳ್ಳಿ ಸರ್ಕಲ್‌ನಿಂದ ನನ್ನ ಕಾರು ಹೊರಡುತ್ತೆ. ನಾನು, ಪಕ್ಕದ ರಸ್ತೆಯ ಇಬ್ಬರು, ಮಹಾಲಕ್ಷ್ಮಿ ಲೇಔಟ್‌ನಲ್ಲಿ ಹತ್ತುವ ಇನ್ನೊಬ್ಬರು. ಗೊರಗುಂಟೆಪಾಳ್ಯ, ಬಿಇಎಲ್ ಸರ್ಕಲ್, ಹೆಬ್ಬಾಳ ದಾಟಿ ಮಾನ್ಯತಾ ಟೆಕ್ ಪಾರ್ಕ್. ತಿಂಗಳ ಕೊನೆಗೆ ಪೆಟ್ರೋಲ್ ಬಿಲ್ ಕೂಡಿಸಿ ನಾಲ್ಕು ಪಾಲು ಮಾಡ್ತೀವಿ. ಮೂರು ಪಾಲು ನನ್ನ ಫೋನ್‌ಗೆ ಬರುತ್ತೆ, ಒಂದು ನನ್ನ ಜೇಬಿನಿಂದ.

ಒಂದು ದಿನ ತಪಾಸಣೆಗೆ ನಿಲ್ಲಿಸಿದ ಅಧಿಕಾರಿ ‘ಇವರೆಲ್ಲ ಯಾರ್ರೀ?’ ಅಂದರು. ‘ಫ್ರೆಂಡ್ಸ್ ಸರ್’ ಅಂದೆ. ಬಿಟ್ಟರು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಸೀಟಿನವರು ಕೇಳಿದರು: ‘ದುಡ್ಡು ಕೊಡ್ತೀವಿ ಅಂತ ಹೇಳಿಬಿಟ್ಟಿದ್ರೆ ಏನಾಗ್ತಿತ್ತು?’

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲ ನಿಂತಿರೋದು ‘ಬಾಡಿಗೆ ಅಥವಾ ಪ್ರತಿಫಲ’ ಅನ್ನೋ ಮಾತಿನ ಮೇಲೆ. ಬಾಡಿಗೆಗೆ ಜನರನ್ನು ಕರೆದೊಯ್ದರೆ ಅದು ಸಾರಿಗೆ ವಾಹನ, ಸೆಕ್ಷನ್ 66ರ ಪ್ರಕಾರ ಪರ್ಮಿಟ್ ಬೇಕು. ಇಲ್ಲದಿದ್ದರೆ ಸೆಕ್ಷನ್ 192ಎ: ಮೊದಲ ಸಲವೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು. ಸೆಕ್ಷನ್ 53ರಡಿ 4 ತಿಂಗಳವರೆಗೆ ನೋಂದಣಿಯನ್ನೂ ಅಮಾನತು ಮಾಡಬಹುದು. ಇಷ್ಟೆಲ್ಲ ಶಿಕ್ಷೆ ಬರೆದಿಟ್ಟ ಕಾಯ್ದೆ ‘ಪ್ರತಿಫಲ’ ಅಂದರೆ ಏನು ಅನ್ನೋದನ್ನ ಮಾತ್ರ ಎಲ್ಲೂ ಬಿಡಿಸಿ ಹೇಳಿಲ್ಲ. ಪೆಟ್ರೋಲ್‌ನ ಕಾಲು ಭಾಗ ಪ್ರತಿಫಲವಾ, ಅಲ್ಲವಾ? ನಿಲ್ಲಿಸಿದ ಅಧಿಕಾರಿಯೇ ತೀರ್ಮಾನಿಸಬೇಕು.

ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡಾಗ ಒಮ್ಮೊಮ್ಮೆ ಜಕ್ಕೂರಿನ ತರಬೇತಿ ವಿಮಾನಗಳು ಮೇಲೆ ಸುತ್ತೋದು ಕಾಣುತ್ತೆ. ತಮಾಷೆ ಅಂದ್ರೆ, ಇದೇ ಪ್ರಶ್ನೆಯನ್ನ ಜಗತ್ತು ನೆಲಕ್ಕಿಂತ ಚೆನ್ನಾಗಿ ಬಗೆಹರಿಸಿರೋದು ಆಕಾಶದಲ್ಲಿ. ಖಾಸಗಿ ಪೈಲಟ್ ಲೈಸೆನ್ಸ್ ಇರುವವರು ಸಂಭಾವನೆಗಾಗಿ ವಿಮಾನ ಹಾರಿಸುವಂತಿಲ್ಲ ಅನ್ನೋದು ಅಂತಾರಾಷ್ಟ್ರೀಯ ನಿಯಮ, ನಮ್ಮಲ್ಲೂ ಅದೇ. ಆದರೆ ಖರ್ಚು ಹಂಚಿಕೊಳ್ಳುವುದಕ್ಕೆ ಅಮೆರಿಕ ಪ್ರತ್ಯೇಕ ನಿಯಮವನ್ನೇ ಬರೆದಿದೆ. ಇಂಧನ, ಆಯಿಲ್, ವಿಮಾನ ನಿಲ್ದಾಣದ ಶುಲ್ಕ, ವಿಮಾನದ ಬಾಡಿಗೆ, ಇವನ್ನು ಮಾತ್ರ ಹಂಚಬಹುದು. ಪೈಲಟ್ ತನ್ನ ಸಮಪಾಲಿಗಿಂತ ಕಡಿಮೆ ಕೊಡುವಂತಿಲ್ಲ. ಯುರೋಪ್‌ನಲ್ಲಿ ಪೈಲಟ್ ಸೇರಿ ಆರು ಜನರ ಮಿತಿ, ಪೈಲಟ್ ಕೂಡ ಪಾಲು ಹಾಕಲೇಬೇಕು.

ಇನ್ನೊಂದು ಗೆರೆಯೂ ಇದೆ: ಗೊತ್ತಿರುವವರನ್ನ ಕರೆಯೋದು ಬೇರೆ, ಊರಿಗೆಲ್ಲ ‘ಬನ್ನಿ’ ಅನ್ನೋದು ಬೇರೆ. ಫ್ಲೈಟೆನೌ ಅನ್ನೋ ಅಮೆರಿಕದ ವೆಬ್‌ಸೈಟ್ ಪೈಲಟ್‌ಗಳನ್ನೂ ಪ್ರಯಾಣಿಕರನ್ನೂ ಜೋಡಿಸ್ತಿತ್ತು. ಹೀಗೆ ಸಾರ್ವಜನಿಕವಾಗಿ ಸೀಟು ತೋರಿಸಿದರೆ ಅದು ವಾಣಿಜ್ಯ ಸಾರಿಗೆಯೇ ಅನ್ನೋ ವಿಮಾನಯಾನ ಪ್ರಾಧಿಕಾರದ ನಿಲುವನ್ನ 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು.

ಈ ಗೆರೆ ಬರೀ ಕಾಗದದ ಮೇಲಿನದಲ್ಲ. 2019ರ ಜನವರಿಯಲ್ಲಿ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಇದ್ದ ಪುಟ್ಟ ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು. ಪೈಲಟ್ ಬಳಿ ಇದ್ದದ್ದು ಖಾಸಗಿ ಲೈಸೆನ್ಸ್, ದುಡ್ಡಿಗೆ ಜನರನ್ನು ಕರೆದೊಯ್ಯುವ ಹಕ್ಕು ಇರಲಿಲ್ಲ. ಹಾರಾಟ ಏರ್ಪಡಿಸಿದವರಿಗೆ 2021ರಲ್ಲಿ 18 ತಿಂಗಳ ಜೈಲಾಯಿತು.

ವಾಪಸ್ ರಿಂಗ್ ರೋಡಿಗೆ ಬರೋಣ. ಬ್ರಿಟನ್ನಿನ 1981ರ ಸಾರಿಗೆ ಕಾಯ್ದೆ ಕಾರಿಗೂ ಇಂಥದ್ದೇ ವಿನಾಯಿತಿ ಕೊಡುತ್ತೆ: ಎಂಟಕ್ಕಿಂತ ಹೆಚ್ಚು ಪ್ರಯಾಣಿಕರ ವಾಹನ ಆಗಿರಬಾರದು, ಹಣದ ಮಾತು ಹೊರಡುವ ಮೊದಲೇ ಆಗಿರಬೇಕು, ಒಟ್ಟು ವಸೂಲಿ ಓಡಿಸುವ ಖರ್ಚನ್ನು ಮೀರಬಾರದು. ಅವರ ರಸ್ತೆ ಸಂಚಾರ ಕಾಯ್ದೆಯ ಸೆಕ್ಷನ್ 150 ವಿಮೆಯ ವಿಷಯದಲ್ಲೂ ಇಂಥ ಪ್ರಯಾಣವನ್ನ ಖಾಸಗಿ ಬಳಕೆ ಅಂತಲೇ ನೋಡುತ್ತೆ. ನಮ್ಮ ಕಾಯ್ದೆಯಲ್ಲೂ ವಿಮೆಯ ಸೆಕ್ಷನ್ನಿನ ನಂಬರ್ 150, ಕೆಲಸ ಮಾತ್ರ ಉಲ್ಟಾ. ಪರ್ಮಿಟ್ ಇಲ್ಲದ ಗಾಡಿಯನ್ನು ‘ಬಾಡಿಗೆ ಅಥವಾ ಪ್ರತಿಫಲ’ಕ್ಕೆ ಬಳಸಿದ್ದರೆ, ಪಾಲಿಸಿಯಲ್ಲಿ ಆ ಷರತ್ತಿದ್ದರೆ, ಅದೇ ಕಾರಣ ಕೊಟ್ಟು ವಿಮಾ ಕಂಪನಿ ಹೊಣೆ ನಿರಾಕರಿಸಬಹುದು. ನನಗೆ ದಂಡಕ್ಕಿಂತ ಭಯ ಇದು. ದಂಡ ಒಂದು ದಿನದ ತಲೆನೋವು. ಹಿಂದಿನ ಸೀಟಿನವರಿಗೆ ಏನಾದರೂ ಆದರೆ ಪರಿಹಾರ ನನ್ನ ತಲೆ ಮೇಲೆ.

2020ರ ನವೆಂಬರ್‌ನಲ್ಲಿ ಕೇಂದ್ರದ ಅಗ್ರಿಗೇಟರ್ ಮಾರ್ಗಸೂಚಿ, ರಾಜ್ಯ ಬೇಡ ಅನ್ನದಿದ್ದರೆ ಆ್ಯಪ್ ಮೂಲಕ ಬಿಳಿ ಬೋರ್ಡ್ ಕಾರಿನಲ್ಲಿ ಪೂಲಿಂಗ್‌ಗೆ ಅವಕಾಶ ಕೊಟ್ಟಿತ್ತು: ನಗರದೊಳಗೆ ದಿನಕ್ಕೆ ನಾಲ್ಕು ಟ್ರಿಪ್, ಊರಿಂದೂರಿಗೆ ವಾರಕ್ಕೆ ಎರಡು. ಆದರೂ 2023ರಲ್ಲಿ ಬೆಂಗಳೂರಿನಲ್ಲಿ ‘ಕಾರ್‌ಪೂಲಿಂಗ್ ಬ್ಯಾನ್’ ಅಂತ ಗುಲ್ಲೆದ್ದಿತು. ಆಮೇಲೆ ಸಾರಿಗೆ ಸಚಿವ ರಾಮಲಿಂಗಾ ರೆಡ್ಡಿ ಬ್ಯಾನ್ ಮಾಡಿಲ್ಲ, ಬಿಳಿ ಬೋರ್ಡ್ ಗಾಡಿಯನ್ನು ವಾಣಿಜ್ಯಕ್ಕೆ ಬಳಸುವಂತಿಲ್ಲ ಅಷ್ಟೇ ಅಂದರು. ವಾಣಿಜ್ಯ ಎಲ್ಲಿಂದ ಶುರು ಅನ್ನೋದು ಮತ್ತೆ ಅಲ್ಲೇ ಉಳಿಯಿತು.

ಟ್ಯಾಕ್ಸಿಯವರ ಸಿಟ್ಟನ್ನ ‘ಲಾಬಿ’ ಅಂತ ತಳ್ಳಿಹಾಕೋದು ಸುಲಭ. ನಮ್ಮ ಕೆಳಗಿನ ಮನೆಯ ಅಣ್ಣ ಹಳದಿ ಬೋರ್ಡ್ ಓಡಿಸ್ತಾರೆ. ಪರ್ಮಿಟ್, ಜಾಸ್ತಿ ಪ್ರೀಮಿಯಂ, ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಗಾಡಿಗೆ ಎಂಟು ತುಂಬಿದ ಮೇಲೆ ಪ್ರತಿ ವರ್ಷ. ‘ನೀನು ಆಫೀಸಿಗೆ ಹೋಗ್ತಾ ಮೂವರನ್ನ ಹತ್ತಿಸ್ಕೊಂಡ್ರೆ ನಂಗೇನಪ್ಪ. ಆಫೀಸೇ ಇಲ್ದೋನು ಬಿಳಿ ಬೋರ್ಡಲ್ಲಿ ದಿನಕ್ಕೆ ಹತ್ತು ಟ್ರಿಪ್ ಹೊಡೀತಾನಲ್ಲ, ಅವನ ಕಥೆ ಹೇಳು’ ಅಂತಾರೆ. ವಿಮಾನದ ನಿಯಮ ಕೇಳೋದೂ ಇದನ್ನೇ: ನೀನು ಹೇಗೂ ಅಲ್ಲಿಗೆ ಹೊರಟಿದ್ದೆಯಾ? ನಿನ್ನ ಪಾಲು ಹಾಕಿದೆಯಾ? ಬೈಕ್ ಟ್ಯಾಕ್ಸಿಯ ಜಗಳ ಬೇರೆಯಾಗೋದು ಇಲ್ಲೇ. ಅದು ದುಡಿಮೆ, ಅದನ್ನ ದುಡಿಮೆ ಅಂತಲೇ ಚರ್ಚಿಸಬೇಕು.

ಸದ್ಯಕ್ಕೆ ನಾನು ಮಾಡ್ತಿರೋದು: ಸಮಪಾಲಿಗಿಂತ ಒಂದು ರೂಪಾಯಿ ಹೆಚ್ಚಿಗೆ ತಗೊಳ್ಳಲ್ಲ, ಬಂಕ್ ರಸೀದಿ ಇಟ್ಕೊಳ್ತೀನಿ, ಅಪರಿಚಿತರನ್ನ ಹತ್ತಿಸಲ್ಲ. ಬರೀ ಥರ್ಡ್ ಪಾರ್ಟಿ ಬಿಟ್ಟು ಸಮಗ್ರ ಪಾಲಿಸಿ ಮಾಡಿಸಿದೀನಿ. ಅಂಥ ಪಾಲಿಸಿ ಕಾರಿನಲ್ಲಿ ಕೂತವರಿಗೂ ಅನ್ವಯಿಸುತ್ತೆ ಅಂತ ಸುಪ್ರೀಂ ಕೋರ್ಟ್ 2012ರ ಬಾಲಕೃಷ್ಣನ್ ಪ್ರಕರಣದಲ್ಲಿ ಹೇಳಿದೆ. ಆದರೂ ಪೆಟ್ರೋಲ್ ಪಾಲು ‘ಪ್ರತಿಫಲ’ವಾ ಅಂತ ನನ್ನ ವಿಮಾ ಕಂಪನಿಗೆ ಮೇಲ್ ಹಾಕಿದ್ದೆ. ‘ಪಾಲಿಸಿಯ ಷರತ್ತುಗಳು ಅನ್ವಯಿಸುತ್ತವೆ’ ಅಂತ ಒಂದೇ ಸಾಲಿನ ಉತ್ತರ ಬಂದಿದೆ.